ಚೀನದ ಗೃಹವಿಜ್ಞಾನ, ದಾವಣಗೆರೆಯ ತಾಂಬೂಲ

ನನ್ನನ್ನು ಇಂಗ್ಲೆಂಡಿಗೆ ಕಳಿಸುವಾಗ ನಮ್ಮ ಕುಟುಂಬದವರು ನೋಡಿದ ಅರ್ಹತೆ ಒಂದೇ: ನನ್ನ ಗಂಡ ಬದುಕಿದ್ದಾರೆ. ಇದಕ್ಕಾಗಿ ಅವರು ವಿಶೇಷವಾಗಿ ಏನೂ ಮಾಡಿದವರಲ್ಲ. ಎಂದಿನಂತೆ ಬೆಳಿಗ್ಗೆ ವಾಕಿಂಗ್ ಹೋಗಿ, ಪೇಪರ್ ಓದಿ, ಬಿಪಿ ಮಾತ್ರೆ ನುಂಗಿ ಬದುಕಿದ್ದರು, ಅಷ್ಟೆ. ಆದರೂ ವೀಸಾ ಬಂದ ದಿನ ಅವರ ಮುಖದಲ್ಲಿ ಎಲ್ಲ ತಮ್ಮಿಂದಲೇ ಆಯಿತು ಎಂಬ ಕಳೆ ಇತ್ತು.

ವಿಷಯ ಇಷ್ಟು. ನನ್ನ ತಮ್ಮನ ಮಗಳು ಸಹನಾ ಬರ್ಮಿಂಗ್‌ಹ್ಯಾಮಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲೇ ಹುಟ್ಟಿ ಬೆಳೆದ ಚೀನೀ ಮನೆತನದ ಡೇನಿಯಲ್ ವಾಂಗ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ತಮ್ಮ ತೀರಿಕೊಂಡ ಮೇಲೆ ಅವಳನ್ನು ಓದಿಸಿ ದಡ ಸೇರಿಸಿದವಳು ದಾವಣಗೆರೆಯಲ್ಲಿರುವ ಅವನ ಹೆಂಡತಿ ಗಿರಿಜಾ. ಹುಡುಗ ಚೀನದವನು ಎಂದು ಗಿರಿಜಾ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದಳು: ನಮ್ಮ ಮನೆಯ ತಾಂಬೂಲ ಹುಡುಗನ ತಾಯಿಯ ಕೈಗೆ ಹೋಗಬೇಕು. ಅವರು ತೆಗೆದುಕೊಂಡರೆ ಸಂಬಂಧ ಕೂಡಿತು. ತೆಗೆದುಕೊಳ್ಳದಿದ್ದರೆ ಇಲ್ಲ. ಆ ತಾಂಬೂಲವನ್ನು ಕೊಡುವವಳು ಮುತ್ತೈದೆಯಾಗಿರಬೇಕು. ಹಾಗಾಗಿ ನಾನು.

"ನನಗೆ ಮಂಡಿನೋವು ಅಕ್ಕಾ, ಅಷ್ಟು ದೂರ ಆಗಲ್ಲ. ನೀವೇ ಹೋಗ್ಬನ್ನಿ" ಅಂದಳು ಗಿರಿಜಾ. ಆ ಮಂಡಿ ಪ್ರತಿ ಸೋಮವಾರ ಗುಡ್ಡದ ಗುಡಿಯ ಮೆಟ್ಟಿಲು ಹತ್ತಿ ಇಳಿಯುತ್ತದೆ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಮಂಡಿಗೆ ಹಚ್ಚುವ ಎಣ್ಣೆಯ ಬಗ್ಗೆ ಮಾತಾಡಿ ಮುಗಿಸಿದೆವು.

ಸೆಲ್ಲಿ ಓಕ್

ನಾನು ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಕಲೆ ತೆಗೆಯುವುದು, ಮೇಜು ಅಣಿಮಾಡುವುದು, ಅತಿಥಿಯನ್ನು ಕೂರಿಸುವುದು, ಬೇಳೆಗೆ ಹುಳ ಹಿಡಿಯದಂತೆ ನೋಡಿಕೊಳ್ಳುವುದು, ಇವೆಲ್ಲಕ್ಕೂ ಒಂದು ಸರಿಯಾದ ಕ್ರಮವಿದೆ, ಆ ಕ್ರಮವನ್ನು ಪುಸ್ತಕದಲ್ಲಿ ಬರೆಯಬಹುದು ಎಂದು ನಂಬಿದವಳು. ಇಂಥವಳು ಇಂಗ್ಲೆಂಡಿನ ಮನೆಯೊಂದಕ್ಕೆ ಕಾಲಿಟ್ಟರೆ ಮೊದಲು ನೋಡುವುದು ಅಡುಗೆಮನೆ. ಸಹನಾಳ ಅಡುಗೆಮನೆಯಲ್ಲಿ ಸ್ಟವ್ ಪಕ್ಕದಲ್ಲಿ ಬಟ್ಟೆ ಒಗೆಯುವ ಮೆಷಿನ್ ಇತ್ತು.

"ಇದ್ಯಾಕೆ ಇಲ್ಲಿದೆ?"

"ಇಲ್ಲಿ ಎಲ್ಲರ ಮನೇಲೂ ಹೀಗೇ ಅತ್ತೆ."

"ಸಾರು ಕುದಿಯೋ ಜಾಗದಲ್ಲಿ ಕಾಲುಚೀಲ ಒಗೀತಾರಾ?"

"ಬೇರೆ ಬೇರೆ ಪಾತ್ರೇಲಿ ಅತ್ತೆ" ಎಂದು ಹೇಳಿ ಅವಳು ಡ್ಯೂಟಿಗೆ ಹೋದಳು.

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯ ಆ ಬೀದಿಯ ತುಂಬ ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು. ಹೆಚ್ಚಿನವುಗಳಲ್ಲಿ ವಿದ್ಯಾರ್ಥಿಗಳಿದ್ದರು. ಎದುರು ಮನೆಯವರು ಸೋಫಾವನ್ನು ಅಂಗಳದಲ್ಲಿಟ್ಟಿದ್ದರು. ಮಳೆ ಬಂದಾಗ ಅದು ನೆನೆಯಿತು, ನಿಂತಾಗ ಒಬ್ಬ ಬಂದು ಅದರ ಮೇಲೆ ಕೂತು ಟೋಸ್ಟ್ ತಿಂದ. ನಾನು ಕಿಟಕಿಯಿಂದ ನೋಡುತ್ತಿದ್ದುದನ್ನು ಕಂಡು ಕೈ ಬೀಸಿದ. ನಮ್ಮಲ್ಲಿ ಹೀಗೆ ಇಣುಕಿ ನೋಡಿದರೆ ಕಿಟಕಿ ಹಾಕಿಕೊಳ್ಳುತ್ತಾರೆ.

ತಾಂಬೂಲಕ್ಕೆ ದಿನ ಗೊತ್ತುಮಾಡಲು ಇಲ್ಲಿ ಪಂಚಾಂಗ ತೆಗೆಯಲಿಲ್ಲ, ಆಸ್ಪತ್ರೆಯ ಡ್ಯೂಟಿ ಪಟ್ಟಿ ತೆಗೆದರು. ಸಹನಾಳ ರಜೆ ಯಾವಾಗಲೋ ಅದೇ ಶುಭದಿನ. ವೀಳ್ಯದೆಲೆ ಪಂಜಾಬಿ ಅಂಗಡಿಯ ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಮಲಗಿತ್ತು. ಅಡಿಕೆ, ಅರಿಸಿನ, ಕುಂಕುಮ, ರೇಷ್ಮೆಯ ರವಿಕೆ ಕಣ ನಾನು ತಂದಿದ್ದೆ. ತೆಂಗಿನಕಾಯಿಯನ್ನು ಆ ಅಂಗಡಿಯವನೇ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿಕೊಟ್ಟ. ಈ ದೇಶದಲ್ಲಿ ಕಾಯಿ ಅಲ್ಲಾಡಿಸುವವರೂ ಇದ್ದಾರೆ ಎಂದು ನನಗೆ ಧೈರ್ಯ ಬಂತು.

ಮ್ಯಾಂಚೆಸ್ಟರ್

ಡೇನಿಯಲ್ ಮ್ಯಾಂಚೆಸ್ಟರಿನ ಒಂದು ಹಳೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುತ್ತಾನೆ. ಲೀಡ್ಸಿನಲ್ಲಿರುವ ಅವನ ತಾಯಿಯನ್ನು ನೋಡುವ ಮೊದಲು ಅವನನ್ನು ನೋಡಿಬಿಡೋಣ ಎಂದು ದಾರಿಯಲ್ಲಿ ಅಲ್ಲಿ ಇಳಿದೆವು. ಗ್ರಂಥಾಲಯದ ಬಾಗಿಲ ಕಾವಲುಗಾರ ನನ್ನನ್ನು ನೋಡಿ "ಆರಾಮಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ನಾನು ನಿಂತು, ಹಲ್ಲುನೋವು ಪರವಾಗಿಲ್ಲ, ಚಳಿಗೆ ಮಾತ್ರ ಕೈ ಜೋಮು ಹಿಡಿಯುತ್ತದೆ ಎಂದು ಹೇಳಿದೆ. ಅವನು ಬಹಳ ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಸಹನಾ ಹೇಳಿದಳು, ಅದು ಪ್ರಶ್ನೆ ಅಲ್ಲವಂತೆ.

ಡೇನಿಯಲ್ ಎತ್ತರದ, ಮೆಲುದನಿಯ ಹುಡುಗ. ನನಗೆ ಕೈಮುಗಿದ. ಅಭ್ಯಾಸ ಮಾಡಿಕೊಂಡು ಮುಗಿದದ್ದು ಅಂತ ಗೊತ್ತಾಗುತ್ತಿತ್ತು, ಅದು ಇಷ್ಟವಾಯಿತು. ಅವನ ಮೇಜಿನ ಮೇಲೆ ಆಗ ಇದ್ದದ್ದು ಒಂದು ಚೀನೀ ಪುಸ್ತಕ. ಏಳು ಶತಮಾನಗಳ ಹಿಂದೆ ಯಾರೋ ಒಬ್ಬರು ದಿನನಿತ್ಯ ಬದುಕಲು ಬೇಕಾದ್ದನ್ನೆಲ್ಲ ಚಿತ್ರಸಮೇತ ಒಂದೆಡೆ ಸೇರಿಸಿದ್ದರಂತೆ. ಮರದ ಅಚ್ಚಿನಿಂದ ಒತ್ತಿದ ಹಾಳೆಗಳು, ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರಲ್ಲಿ ಏನೇನಿದೆ ಎಂದು ಅವನು ಹೇಳುತ್ತಾ ಹೋದ: ವಿನೆಗರ್ ತಯಾರಿಸುವುದು, ರೇಷ್ಮೆ ಹುಳ ಸಾಕುವುದು, ಬಟ್ಟೆಗೆ ಬಿದ್ದ ಶಾಯಿ ಕಲೆ ತೆಗೆಯುವುದು, ಚೆಂಡು ಒದೆಯುವ ಆಟದ ನಿಯಮ, ಕಾಗದ ಬರೆಯುವ ಮಾದರಿ, ಹೊಟ್ಟೆನೋವಿನ ಮದ್ದು, ಮದುವೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಅತಿಥಿ ಬಂದಾಗ ಯಾರು ಮೊದಲು ಮೆಟ್ಟಿಲು ಹತ್ತಬೇಕು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಇದು ನನ್ನ ಸಿಲಬಸ್. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದವರು ನಮ್ಮನ್ನು 'ಚಪಾತಿ ಡಿಪಾರ್ಟ್‌ಮೆಂಟ್' ಅನ್ನುತ್ತಿದ್ದರು. ಅವರನ್ನೆಲ್ಲ ಕರೆತಂದು ಈ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಬೇಕು ಅನಿಸಿತು. ಏಳುನೂರು ವರ್ಷ ಜೋಪಾನ ಮಾಡಿ, ಕಾವಲುಗಾರನನ್ನಿಟ್ಟು ಕಾಯುತ್ತಿರುವುದು ಗೃಹವಿಜ್ಞಾನದ ಪುಸ್ತಕವನ್ನು.

ಮುಟ್ಟಲು ಕೈಗವಸು ಬೇಕಲ್ಲವೇ ಅಂದೆ. ಬೇಡ ಆಂಟಿ, ತೊಳೆದು ಒರೆಸಿದ ಕೈಯೇ ಮೇಲು, ಗವಸು ಹಾಕಿದರೆ ಹಾಳೆ ಹರಿಯುವುದು ತಿಳಿಯುವುದಿಲ್ಲ ಅಂದ. ಸರಿಯಾದ ಉತ್ತರ. ಹುಳ ತಿಂದ ತೂತುಗಳಿಗೆ ಅವನು ಸಣ್ಣ ಸಣ್ಣ ಕಾಗದದ ತೇಪೆ ಹಾಕುತ್ತಿದ್ದ. ಗೋಧಿ ಗಂಜಿಯ ಅಂಟು, ಮೂರು ಕೂದಲಿನ ಕುಂಚ. ನಾವು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತೇವೆ, ಹುಳ ಆ ಕಡೆ ತಲೆ ಹಾಕುವುದಿಲ್ಲ, ನೀನೂ ಹಾಕು ಅಂದೆ. ಅವನು ಕುಂಚವನ್ನು ಕೆಳಗಿಟ್ಟ. ಆಮೇಲೆ, ಯೋಚನೆ ಮಾಡ್ತೀನಿ ಆಂಟಿ ಅಂದ. ಮೈಲುತುತ್ತ ಹಾಕಿದರೆ ಆ ಕಾಗದ ನಾಶವಾಗುತ್ತದೆ, ಅವನ ಕೆಲಸವೂ ಹೋಗುತ್ತದೆ ಎಂದು ಸಹನಾ ಹೊರಗೆ ಬಂದ ಮೇಲೆ ಹೇಳಿದಳು.

ಒಂದು ಚಿತ್ರದಲ್ಲಿ ಮನೆಯ ಯಜಮಾನ, ಅತಿಥಿ ಎದುರುಬದುರು ನಿಂತು ಬಗ್ಗುತ್ತಿದ್ದರು. ಯಜಮಾನನ ಮುಖವನ್ನು ಹುಳ ತಿಂದಿತ್ತು. ಡೇನಿಯಲ್ ಅಲ್ಲಿ ತೇಪೆ ಹಾಕಿದ್ದ, ಮುಖ ಬರೆದಿರಲಿಲ್ಲ.

"ಒಂದು ಮೂಗು, ಎರಡು ಕಣ್ಣು. ನಮ್ಮ ಕಾಲೇಜಿನ ಹುಡುಗೀರೇ ಬರೆದುಬಿಡೋರು" ಅಂದೆ.

"ಅವನ ಮುಖ ಹೇಗಿತ್ತೋ ನಮಗೆ ಗೊತ್ತಿಲ್ಲ ಆಂಟಿ. ತೂತು ಮುಚ್ಚಬಹುದು, ಮುಖ ನಾವು ಕೊಡಬಾರದು."

ಆ ಪುಟದಲ್ಲಿ ಏನು ಬರೆದಿದೆ ಓದು ಅಂದೆ. ಅವನ ಕಿವಿ ಕೆಂಪಾಯಿತು. ಅವನಿಗೆ ಚೀನೀ ಓದಲು ಬರುವುದಿಲ್ಲವಂತೆ. ಅಮ್ಮನಿಗೆ ಬರುತ್ತದೆ, ಅಪ್ಪ ಇದ್ದಾಗ ಶನಿವಾರದ ಚೀನೀ ಶಾಲೆಗೆ ಕಳಿಸಿದ್ದರು, ಇವನು ಫುಟ್‌ಬಾಲಿಗೆ ಹೋಗುತ್ತಿದ್ದನಂತೆ. ಅಪ್ಪ ತೀರಿಹೋಗಿ ಕೆಲವು ವರ್ಷವಾಯಿತು. ಈಗ ಪುಸ್ತಕದ ಅರ್ಥಕ್ಕೆ ಇಂಗ್ಲಿಷ್ ಟಿಪ್ಪಣಿಯೇ ಗತಿ. ಆ ಟಿಪ್ಪಣಿಯಲ್ಲಿ ಅತಿಥಿಧರ್ಮದ ಭಾಗವನ್ನು ನಾನು ಎರಡು ಸಲ ಓದಿಕೊಂಡೆ. ಅತಿಥಿಯಾದವನು ಹೊಸ್ತಿಲಲ್ಲಿ ನಿಂತು, ತಾವು ಮೊದಲು ಎಂದು ಯಜಮಾನನಿಗೆ ದಾರಿ ಬಿಟ್ಟು, ಅವನು ಒತ್ತಾಯಿಸಿದರೂ ಹಿಂದೆ ಸರಿದು, ಮತ್ತೆ ಬಗ್ಗಿ, ಆಮೇಲೆ ಒಳಗೆ ಹೋಗಬೇಕು. ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದೆ.

ಹೊರಡುವಾಗ ಡೇನಿಯಲ್ ಕುಂಚವನ್ನು ತೊಳೆದು, ನೀರು ಹಿಂಡಿ, ಕೂದಲನ್ನು ಬೆರಳಿನಿಂದ ನೇರ ಮಾಡಿ ತಲೆಕೆಳಗಾಗಿ ನೇತುಹಾಕಿದ. ಅಲ್ಲಿಯವರೆಗೂ ನನಗೆ ಅನುಮಾನವಿತ್ತು. ಆಮೇಲೆ ಇರಲಿಲ್ಲ.

ಬೆಟ್ಟ ದಾಟುವಾಗ

ಮಾರನೆಯ ದಿನ ಮೂವರೂ ಲೀಡ್ಸಿನ ರೈಲು ಹತ್ತಿದೆವು. ಬೋಳು ಗುಡ್ಡಗಳು, ಕಲ್ಲಿನ ಗೋಡೆಗಳು, ಎಲ್ಲ ಒಂದೇ ಕಡೆ ಮುಖ ಮಾಡಿ ನಿಂತ ಕುರಿಗಳು. ರೈಲು ತಿರುವಿನಲ್ಲಿ ವಾಲಿದಾಗ ನನ್ನ ಚೀಲದಿಂದ ತೆಂಗಿನಕಾಯಿ ಜಾರಿ ಬೋಗಿಯುದ್ದಕ್ಕೂ ಉರುಳಿಕೊಂಡು ಹೋಯಿತು. ಅದು ಒಬ್ಬರ ಕಾಲಿಗೆ ಬಡಿಯಿತು, ಅವರು ಸಾರಿ ಅಂದರು. ಅಲ್ಲಿಂದ ಇನ್ನೊಬ್ಬರ ಬೂಟಿಗೆ ಬಡಿಯಿತು, ಅವರೂ ಸಾರಿ ಅಂದರು. ಕಾಯಿ ಮುಂದೆ ಹೋದಂತೆ ಕ್ಷಮಾಪಣೆಯೂ ಮುಂದೆ ಹೋಯಿತು. ಕೊನೆಗೆ ಒಬ್ಬ ಅಜ್ಜ ಅದನ್ನೆತ್ತಿ ತಂದು, ಇದು ನಿಮ್ಮದೇ ಇರಬೇಕು ಅಂತ ನನಗೇ ಕೊಟ್ಟರು. ಬೋಗಿಯಲ್ಲಿ ಅಷ್ಟು ಜನರಿದ್ದರು, ಅವರಿಗೆ ಹೇಗೆ ಗೊತ್ತಾಯಿತೋ.

ಸಹನಾ ನಗಲಿಲ್ಲ. ಉಗುರು ಕಚ್ಚುತ್ತಾ ಕೂತಿದ್ದಳು.

"ಅತ್ತೆ, ಅವರು ತಗೊಳ್ಳದೇ ಇದ್ರೆ?"

"ಯಾಕೆ ತಗೊಳ್ಳಲ್ಲ? ಎಲೆ ಅಡಿಕೆ ತಾನೆ."

"ಅಮ್ಮನಿಗೆ ಹಾಗೇ ಹೇಳಕ್ಕಾಗಲ್ಲ. ಅಮ್ಮ ಒಂದು ಸಲ ಬೇಡ ಅಂದ್ರೆ ಮುಗೀತು, ಗೊತ್ತಲ್ಲ. ನಾನು ಅಮ್ಮನ ಬಿಟ್ಟು ಮದ್ವೆ ಆಗಲ್ಲ ಅತ್ತೆ. ಡ್ಯಾನಿಗೂ ಹೇಳಿದೀನಿ."

ಡೇನಿಯಲ್‌ಗೆ ಕನ್ನಡ ಬರುವುದಿಲ್ಲ. ಆದರೂ ತಲೆ ತಗ್ಗಿಸಿ ತೆಂಗಿನಕಾಯಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡ.

ಲೀಡ್ಸ್

ಮಿಸೆಸ್ ವಾಂಗ್ ಬಾಗಿಲು ತೆರೆದರು. ಗಿಡ್ಡ ಮೈಕಟ್ಟು, ಕತ್ತರಿಸಿದ ಕೂದಲು, ಸ್ವೆಟರಿನ ಮೇಲೆ ಏಪ್ರನ್. ಹಾಂಗ್‌ಕಾಂಗಿನಿಂದ ಹುಡುಗಿಯಾಗಿದ್ದಾಗ ಬಂದವರು. ಗಂಡನ ಜೊತೆ ಊಟದ ಪಾರ್ಸೆಲ್ ಅಂಗಡಿ ನಡೆಸಿದವರು. ನಾನು ಹೊಸ್ತಿಲಲ್ಲಿ ನಿಂತು ಬಗ್ಗಿದೆ. ಅವರು ಒಳಗೆ ಬನ್ನಿ ಅಂದರು. ತಾವು ಮೊದಲು ಎಂದು ಕೈ ತೋರಿಸಿ ಹಿಂದೆ ಸರಿದೆ. ಅವರು ಮತ್ತೆ ಬನ್ನಿ ಅಂದರು. ನಾನು ಇನ್ನೊಂದು ಹೆಜ್ಜೆ ಹಿಂದೆ ಸರಿದು, ಗಿಡದ ಕುಂಡಕ್ಕೆ ತಾಗಿ, ಮತ್ತೆ ಬಗ್ಗಿದೆ. ಹಿಂದೆ ಸಹನಾ, "ಅತ್ತೆ, ಏನ್ಮಾಡ್ತಿದೀರ?" ಅಂತ ಪಿಸುಗುಟ್ಟಿದಳು.

"ಲವ್" ಅಂದರು ಮಿಸೆಸ್ ವಾಂಗ್, ಅಪ್ಪಟ ಲೀಡ್ಸಿನ ಇಂಗ್ಲಿಷಿನಲ್ಲಿ; ಆ ಊರಿನವರು ಎಲ್ಲರನ್ನೂ ಹಾಗೇ ಕರೆಯುತ್ತಾರೆ. "ಒಳಗೆ ಬರ್ತೀರೋ, ಹೊರಗೇ ಇರ್ತೀರೋ? ಮನೆಯ ಬಿಸಿಯೆಲ್ಲ ಬೀದಿಗೆ ಹೋಗ್ತಿದೆ."

ಏಳುನೂರು ವರ್ಷದ ಪಾಠ ಅಲ್ಲಿಗೆ ಮುಗಿಯಿತು. ಒಳಗೆ ಹೋದೆ.

ಊಟಕ್ಕೆ ಅವರು ನನಗಾಗಿ ಮಾಂಸ, ಮೊಟ್ಟೆ, ಬೆಳ್ಳುಳ್ಳಿ ಏನೂ ಹಾಕದೆ ಬಗೆಬಗೆಯಾಗಿ ಮಾಡಿದ್ದರು. ನಾನು ಬೆಳ್ಳುಳ್ಳಿ ತಿನ್ನುತ್ತೇನೆ, ಯಾರು ಬೇಡ ಅಂದರೋ ತಿಳಿಯದು. ಊಟ ಚೆನ್ನಾಗಿತ್ತು. ಮಾತು ಹವೆಯ ಬಗ್ಗೆ, ಕಸದ ಬಿನ್ ತೆಗೆದುಕೊಂಡು ಹೋಗುವ ದಿನದ ಬಗ್ಗೆ, ಸಹನಾಳ ನೈಟ್ ಶಿಫ್ಟಿನ ಬಗ್ಗೆ ಸುತ್ತಿತು. ಊಟವಾದ ಮೇಲೆ ನಾನು ಎದ್ದು, ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ, ಕಣ, ಅರಿಸಿನ ಕುಂಕುಮ ಇಟ್ಟು, ಸೆರಗು ಹೊದ್ದು, ಅವರ ಮುಂದೆ ಹಿಡಿದೆ. ಅವರೂ ವಿಧವೆ ಎಂಬುದು ನನಗೆ ನೆನಪಿರಲಿಲ್ಲ ಎಂದಲ್ಲ. ಆ ಕಟ್ಟಳೆ ನಮ್ಮದು, ಅವರಿಗೇಕೆ ಎಂದು ವಿಮಾನದಲ್ಲೇ ತೀರ್ಮಾನಿಸಿದ್ದೆ.

ಮಿಸೆಸ್ ವಾಂಗ್ ತಟ್ಟೆ ನೋಡಿದರು. ಕುಂಕುಮ ನೋಡಿದರು. ಎರಡೂ ಕೈಯಿಂದ ತಟ್ಟೆಯನ್ನು ನನ್ನ ಕಡೆಗೇ ಮೆಲ್ಲಗೆ ತಳ್ಳಿ, "ಇಲ್ಲ, ಇಲ್ಲ. ಇದು ಬೇಡ" ಅಂದರು. ಎದ್ದು, ಖಾಲಿ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದರು.

ಸಹನಾಳ ಮುಖದ ರಕ್ತ ಇಳಿದುಹೋಯಿತು. ಡೇನಿಯಲ್ ಅಮ್ಮನ ಹಿಂದೆ ಹೋಗಲು ಎದ್ದು, ಸಹನಾಳನ್ನು ನೋಡಿ ಮತ್ತೆ ಕೂತ. ಗಿರಿಜಾಗೆ ಫೋನಿನಲ್ಲಿ ಏನು ಹೇಳಲಿ? ತಾಂಬೂಲ ವಾಪಸ್ ಬಂತು ಎನ್ನುವ ಮಾತನ್ನು ಯಾವ ಸಕ್ಕರೆಯಲ್ಲಿ ಅದ್ದಿ ಕೊಡಲಿ?

ಅಡುಗೆಮನೆ

ನನಗೆ ಮಾತು ಸಿಕ್ಕದಿದ್ದಾಗ ಪಾತ್ರೆ ತೊಳೆಯುತ್ತೇನೆ. ಒಳಗೆ ಹೋಗಿ ಮಿಸೆಸ್ ವಾಂಗ್ ಪಕ್ಕದಲ್ಲಿ ನಿಂತು ಬಟ್ಟೆ ಹಿಡಿದು ಒರೆಸತೊಡಗಿದೆ. ಅವರು ಸೋಪಿನ ನೊರೆಯನ್ನು ಪೂರ್ತಿ ಹೋಗುವವರೆಗೂ ನೀರಿನಲ್ಲಿ ತೊಳೆಯುತ್ತಿದ್ದರು. ಈ ದೇಶದಲ್ಲಿ ಬಹಳ ಜನ ನೊರೆಯ ಸಮೇತ ಒಣಗಲು ಬಿಡುತ್ತಾರೆ. ಇಂಥ ಬೀಗಿತ್ತಿ ಕೈತಪ್ಪಿದಳಲ್ಲ ಎಂದು ನಿಜವಾಗಿಯೂ ದುಃಖವಾಯಿತು.

"ನಮ್ಮ ಹುಡುಗಿ ನಿಮಗೆ ಹಿಡಿಸಲಿಲ್ಲವೇ?" ಎಂದು ನೇರವಾಗಿಯೇ ಕೇಳಿದೆ.

ಅವರ ಕೈಯಿಂದ ಬಟ್ಟಲು ಜಾರಿ ಸಿಂಕಿಗೆ ಬಿತ್ತು. "ಸಹನಾ? ಅವಳು ನನ್ನ ಕಣ್ಣಿನ ಗೊಂಬೆ. ಯಾರು ಹೇಳಿದ್ದು ಹಾಗೆ?"

"ತಟ್ಟೆ ಬೇಡ ಅಂದಿರಲ್ಲ."

ಅವರು ನಲ್ಲಿ ನಿಲ್ಲಿಸಿದರು. ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ನಾವು ಬರುವುದು ಗೊತ್ತಾದ ಮೇಲೆ ಅವರು ಪಕ್ಕದ ಮನೆಯ ಗುಜರಾತಿ ಅಜ್ಜಿಯ ಹತ್ತಿರ ಹೋಗಿ, ಇಂಡಿಯಾದವರು ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ವಿಚಾರಿಸಿದ್ದರಂತೆ. ಬೆಳ್ಳುಳ್ಳಿ ಬೇಡ ಅಂದವರೂ ಅವರೇ. ಆಮೇಲೆ ಅಜ್ಜಿ ಇನ್ನೊಂದು ಹೇಳಿದ್ದರು.

"ಗಂಡ ಹೋದವಳು ಆ ಕೆಂಪು ಪುಡಿಯ ತಟ್ಟೆಯನ್ನು ಮುಟ್ಟಬಾರದಂತೆ. ಮುಟ್ಟಿದರೆ ಮದುವೆಯಾಗುವ ಮಕ್ಕಳಿಗೆ ಒಳ್ಳೆಯದಲ್ಲವಂತೆ. ಮೇಜಿನ ಮುಂದೆ ಸಾವಿನ ಮಾತು ಯಾಕೆ ಅಂತ ಹೇಳಲಿಲ್ಲ ಲವ್. ನಾಳೆ ಹಲ್ ಊರಿನಿಂದ ನನ್ನ ತಂಗಿ ಬರ್ತಾಳೆ. ಅವಳು ತಗೋತಾಳೆ. ಅವಳ ಗಂಡ ಇದ್ದಾನೆ. ಕೆಲಸಕ್ಕೆ ಬಾರದವನು, ಆದರೆ ಇದ್ದಾನೆ."

ನನಗೆ ಸಿಟ್ಟು ಬಂತು. ಗುಜರಾತಿ ಅಜ್ಜಿಯ ಮೇಲೆ ಅಂದುಕೊಂಡೆ. ಅಲ್ಲ. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಎಂದೂ ಇಷ್ಟು ಕೆಟ್ಟದಾಗಿ ಕೇಳಿಸಿರಲಿಲ್ಲ. ಲೀಡ್ಸಿನ ಅಡುಗೆಮನೆಯಲ್ಲಿ, ಒಗೆಯುವ ಮೆಷಿನ್ನಿನ ಪಕ್ಕ ನಿಂತು, ಒಬ್ಬ ತಾಯಿ ತನ್ನ ಮಗನಿಗೆ ತಾನೇ ಅಶುಭ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಇವರಿಗೆ ನಾನು ವಿಮಾನದಲ್ಲೇ ಮಾಫಿ ಕೊಟ್ಟಿದ್ದೆ. ಗಿರಿಜಾಗೆ ಎಣ್ಣೆ ಹಚ್ಚಿಕೋ ಅಂದಿದ್ದೆ.

"ಆ ಹುಡುಗಿಯ ತಾಯಿಗೂ ಗಂಡ ಇಲ್ಲ" ಅಂದೆ. "ಅದಕ್ಕೇ ಅವಳು ಬರಲಿಲ್ಲ. ಅದಕ್ಕೇ ನಾನು ಬಂದೆ."

ಮಿಸೆಸ್ ವಾಂಗ್ ನನ್ನನ್ನೇ ನೋಡಿದರು. "ಮಂಡಿನೋವು ಅಂತ ಡ್ಯಾನಿ ಹೇಳಿದ."

"ಮಂಡಿ ಚೆನ್ನಾಗಿದೆ."

ಅವರು ಸಿಂಕಿನಿಂದ ಬಟ್ಟಲನ್ನು ಎತ್ತಿಟ್ಟು, "ಅವಳಿಗೆ ಫೋನ್ ಮಾಡಿ" ಅಂದರು.

ಸಹನಾ, ಡೇನಿಯಲ್ ಇಬ್ಬರನ್ನೂ ಒಳಗೆ ಕರೆದು ವಿಷಯ ಹೇಳಿದೆ. ವಿಡಿಯೋ ಕಾಲ್ ಹಾಕಿ ಫೋನನ್ನು ರೈಸ್ ಕುಕ್ಕರಿಗೆ ಒರಗಿಸಿದೆವು. ದಾವಣಗೆರೆಯಲ್ಲಿ ದೀಪ ಹಚ್ಚುವ ಹೊತ್ತು ಕಳೆದಿತ್ತು. ಗಿರಿಜಾ ಫೋನ್ ಎತ್ತಿದವಳೇ, "ಏನಾಯ್ತು ಅಕ್ಕಾ? ತಗೊಳ್ಳಲಿಲ್ವಾ?" ಅಂದಳು.

"ನನ್ನ ಕೈಯಿಂದ ತಗೊಳ್ಳಲ್ವಂತೆ."

ಗಿರಿಜಾ ಕಣ್ಣು ಮುಚ್ಚಿಕೊಂಡಳು. ಮಿಸೆಸ್ ವಾಂಗ್ ನನ್ನನ್ನು ಪಕ್ಕಕ್ಕೆ ಸರಿಸಿ ಫೋನಿನ ಮುಂದೆ ಬಂದು ನಿಂತರು. ಸಹನಾಳಿಗೆ ಹೇಳಿದರು: "ನಿನ್ನ ಅಮ್ಮನಿಗೆ ಹೇಳು. ನನ್ನ ಗಂಡನೂ ಹೋಗಿದ್ದಾನೆ. ಅವಳು ಕೊಟ್ಟರೆ ನಾನು ತಗೋತೀನಿ. ಬೇರೆ ಯಾರು ಕೊಟ್ಟರೂ ತಗೊಳ್ಳಲ್ಲ."

ಸಹನಾ ಕನ್ನಡದಲ್ಲಿ ಹೇಳಿದಳು. ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದಳು, ಉಳಿದದ್ದನ್ನು ನಾನು ಹೇಳಿದೆ.

"ಅಯ್ಯೋ, ನಾನು ಕೊಡಬಾರದು ಅಕ್ಕಾ. ಮಗಳ ಬಾಳು. ನಿಮಗೆ ಗೊತ್ತಲ್ಲ."

"ಗೊತ್ತಿತ್ತು. ಈಗ ಗೊತ್ತಿಲ್ಲ. ತಟ್ಟೆ ನಾನು ಹಿಡ್ಕೊಂಡಿರ್ತೀನಿ. ನನ್ನನ್ನ ಒಂದು ಸ್ಟೂಲು ಅಂದ್ಕೋ. ಕೊಡೋಳು ನೀನು."

ಗಿರಿಜಾ ಪರದೆಯಿಂದ ಎದ್ದು ಹೋದಳು. ಖಾಲಿ ಕುರ್ಚಿ, ಗೋಡೆ, ತಿರುಗುವ ಫ್ಯಾನಿನ ನೆರಳು ಕಾಣಿಸುತ್ತಿತ್ತು. ಹೋದವಳು ಬರಲೇ ಇಲ್ಲ. ಕಾಲ್ ಕಟ್ಟಾಯಿತೇ ಎಂದು ಡೇನಿಯಲ್ ಬಗ್ಗಿ ನೋಡಿದ. ಸಹನಾ ಅವನ ತೋಳು ಹಿಡಿದುಕೊಂಡಿದ್ದಳು. ನಾನು ಊಟದ ಮೇಜಿನಿಂದ ತಟ್ಟೆ ತಂದು ಹಿಡಿದು ನಿಂತೆ.

ಗಿರಿಜಾ ಬಂದಳು. ಸೀರೆ ಬದಲಿಸಿದ್ದಳು. ಮುಖ ತೊಳೆದಿದ್ದಳು. ಕೈಯಲ್ಲಿ ಮನೆಯ ಹಿತ್ತಾಳೆ ತಟ್ಟೆ. ಅದರಲ್ಲಿ ಎರಡು ಎಲೆ, ಒಂದು ಅಡಿಕೆ, ಕುಂಕುಮದ ಬಟ್ಟಲು. ತಮ್ಮ ಹೋದಮೇಲೆ ಆ ಬಟ್ಟಲು ಅವಳ ಕೈಯಲ್ಲಿದ್ದುದನ್ನು ನಾನು ನೋಡಿರಲಿಲ್ಲ. ತಟ್ಟೆಯನ್ನು ಫೋನಿನ ಹತ್ತಿರ ತಂದು, ಗಟ್ಟಿಯಾಗಿ, ದೂರದವರಿಗೆ ಕೇಳಿಸಲಿ ಎನ್ನುವಂತೆ ಹೇಳಿದಳು:

"ತಗೊಳ್ಳಿ ಅಕ್ಕಾ. ನನ್ನ ಮಗಳನ್ನ ನಿಮ್ಮನೆಗೆ ಕೊಡ್ತಿದೀನಿ."

ಅದನ್ನು ಯಾರೂ ಅನುವಾದ ಮಾಡಲಿಲ್ಲ. ಮಿಸೆಸ್ ವಾಂಗ್ ಏಪ್ರನ್ ಬಿಚ್ಚಿ ಕೊಕ್ಕೆಗೆ ಹಾಕಿದರು. ಎರಡೂ ಕೈ ಚಾಚಿದರು. ತಟ್ಟೆ ನನ್ನ ಕೈಬಿಟ್ಟು ಹೋಯಿತು.

"ತಗೊಂಡ್ರಾ?" ಗಿರಿಜಾಗೆ ಅಲ್ಲಿಂದ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಸಹನಾ ಅಳುತ್ತಿದ್ದಳು. ಮಿಸೆಸ್ ವಾಂಗ್ ಅಳುತ್ತಿದ್ದರು. ಉತ್ತರ ಹೇಳುವ ಸ್ಥಿತಿಯಲ್ಲಿ ಇದ್ದವಳು ನಾನೊಬ್ಬಳೇ, ಅದೂ ಕಷ್ಟದಿಂದ.

"ತಗೊಂಡ್ರು ಗಿರಿಜಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಸ ಬೀಗಿತ್ತಿಯನ್ನು ಕಣ್ಣುತುಂಬ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮದುವೆಗೆ ನಾನೇ ಬರ್ತೀನಿ ಅಕ್ಕಾ. ಬೇಕಾದ್ರೆ ನೀವೂ ಬನ್ನಿ."